ಆಟಕ್ಕುಂಟು, ಲೆಕ್ಕಕ್ಕಿಲ್ಲ: ‘ನಿನ್ನ ಕೆಡಿ ಎಷ್ಟು’ ಅನ್ನೋ ಪ್ರಶ್ನೆಯ ಹಿಂದಿನ ಕಥೆ

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಿಂದ ಮಾತಾಡ್ತಿದೀನಿ. ರಾಮಕೃಷ್ಣ ಹೆಗಡೆಯವರ ಊರು ಅಂದ್ರೆ ಹೊರಗಿನವರಿಗೆ ಬೇಗ ಗುರುತು ಸಿಗುತ್ತೆ. ಆದ್ರೆ ಈ ಎಪಿಸೋಡಿನ ವಿಷಯ ರಾಜಕೀಯ ಅಲ್ಲ, ಅಡಿಕೆ ರೇಟೂ ಅಲ್ಲ. ಮೊಬೈಲಿನಲ್ಲಿ ಆಡೋ ಹುಡುಗರು ಹೊಸಬರು ಸಿಕ್ಕ ಕೂಡ್ಲೇ ಕೇಳೋ ಒಂದು ಪ್ರಶ್ನೆ: ‘ನಿನ್ನ ಕೆಡಿ ಎಷ್ಟು?’

ಆಡದೇ ಇರೋರಿಗೆ ಮೊದಲೇ ಹೇಳ್ಬಿಡ್ತೀನಿ. ಕೆಡಿ ಅಂದ್ರೆ ಕಿಲ್-ಡೆತ್ ರೇಶಿಯೋ. ಸ್ಥೂಲವಾಗಿ ಹೇಳೋದಾದ್ರೆ, ನೀವು ಎಷ್ಟು ಜನರನ್ನ ಔಟ್ ಮಾಡಿದ್ರಿ ಅನ್ನೋದನ್ನ ನೀವು ಎಷ್ಟು ಸಲ ಔಟ್ ಆದ್ರಿ ಅನ್ನೋದರಿಂದ ಭಾಗಿಸಿ. ಕ್ರಿಕೆಟ್ಟಿನ ಬ್ಯಾಟಿಂಗ್ ಆವರೇಜ್ ಇದ್ದ ಹಾಗೆ. ಬಿಜಿಎಂಐ ಬಂದಾಗ ‘ಕಿಲ್’ ಅನ್ನೋ ಪದ ತೆಗೆದು ‘ಫಿನಿಶ್’ ಅಂತ ಮಾಡಿದ್ರು, ರಕ್ತದ ಬಣ್ಣವನ್ನೂ ಹಸಿರು ಮಾಡಿದ್ರು. ಆದ್ರೂ ಹುಡುಗರ ಬಾಯಲ್ಲಿ ಕೆಡಿ ಅನ್ನೋದು ಹಾಗೇ ಉಳ್ಕೊಂಡಿದೆ.

ನಾನು ಓದಿದ್ದು ಬಿ.ಕಾಂ. ಯಾವುದೇ ಅಂಕಿ ಕಂಡ್ರೂ ನನಗೆ ಬರೋ ಮೊದಲ ಪ್ರಶ್ನೆ, ಈ ಲೆಕ್ಕ ಯಾರಿಗೋಸ್ಕರ ಬರೆದಿದ್ದು ಅಂತ. ಮಾಲೀಕನಿಗೋ, ಸಾಲ ಕೊಡೋ ಬ್ಯಾಂಕಿಗೋ, ತೆರಿಗೆ ಇಲಾಖೆಗೋ? ಒಂದೇ ಅಂಗಡಿಯ ಲೆಕ್ಕ ಮೂರು ಜನರ ಕೈಲಿ ಮೂರು ಕೆಲಸ ಮಾಡುತ್ತೆ. ಆಟದ ಅಂಕಿಯೂ ಹಾಗೇನೇ. ಅದು ಹುಟ್ಟಿದ್ದು ಒಂದು ಕೆಲಸಕ್ಕೆ, ಈಗ ಮಾಡ್ತಿರೋದು ಇನ್ನೊಂದು ಕೆಲಸ. ಆ ಬದಲಾವಣೆ ಹೇಗಾಯ್ತು, ಅದರಿಂದ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರಿಗೆ ಏನಾಗ್ತಿದೆ ಅಂತ ಇವತ್ತು ನೋಡೋಣ.

ಗದ್ದೆ ಬಯಲಿನ ನಿಯಮ

ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್ ಆಡಿದವರಿಗೆ ಗೊತ್ತು, ಅಲ್ಲಿ ಯಾರ ಆವರೇಜೂ ಬೇಕಿರಲಿಲ್ಲ. ಯಾರು ಜೋರಾಗಿ ಬಾಲ್ ಹಾಕ್ತಾನೆ, ಯಾರಿಗೆ ಕ್ಯಾಚ್ ಹಿಡಿಯಕ್ಕೆ ಬರಲ್ಲ, ಯಾರು ಔಟಾದ್ರೆ ಬ್ಯಾಟ್ ಹೊತ್ಕೊಂಡು ಮನೆಗೆ ಹೋಗ್ತಾನೆ, ಎಲ್ಲ ಎಲ್ಲರಿಗೂ ಗೊತ್ತು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸ್ಕೊಳ್ತಿದ್ರು. ಚೆನ್ನಾಗಿ ಆಡೋ ಇಬ್ಬರು ಒಂದೇ ಕಡೆ ಹೋದ್ರೆ ಜಗಳ. ಅಂದ್ರೆ ಎರಡೂ ಕಡೆ ಸಮ ಇರಬೇಕು, ಆಗ ಮಾತ್ರ ಆಟ ರುಚಿ.

ಕೊನೆಗೆ ಒಬ್ಬ ಚಿಕ್ಕ ಹುಡುಗ ಉಳೀತಾನೆ. ಯಾರದೋ ತಮ್ಮ. ಅವನನ್ನ ವಾಪಸ್ ಕಳಿಸೋ ಹಾಗಿಲ್ಲ, ಮನೇಲಿ ಬೈಗುಳ ಬೀಳುತ್ತೆ. ಅವನಿಗೆ ನಮ್ಮ ಹಿರಿಯರು ಒಂದು ಜಾಗ ಮಾಡಿಟ್ಟಿದ್ದಾರೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಓಡಬಹುದು, ಬ್ಯಾಟ್ ಹಿಡೀಬಹುದು, ಔಟ್ ಆದ್ರೂ ಔಟ್ ಅಲ್ಲ. ಈಗ ಈ ಮಾತನ್ನ ನಾವು ಅಧಿಕಾರ ಇಲ್ಲದ ಮೆಂಬರ್‌ಗೋ, ಆಫೀಸಲ್ಲಿ ಕೆಲಸ ಇಲ್ಲದವನಿಗೋ ವ್ಯಂಗ್ಯವಾಗಿ ಹೇಳ್ತೀವಿ. ಆದ್ರೆ ಮೂಲದಲ್ಲಿ ಅದು ಒಂದು ಮರ್ಯಾದೆಯ ನಿಯಮ. ಆಡೋಕೆ ಬರೋದಕ್ಕೂ ಚೆನ್ನಾಗಿ ಆಡೋದಕ್ಕೂ ಸಂಬಂಧ ಕಟ್ಟಬೇಡಿ ಅಂತ ಅದರ ಅರ್ಥ.

ಈ ವ್ಯವಸ್ಥೆ ನಡೆದಿದ್ದು ಎಲ್ಲರಿಗೂ ಎಲ್ಲರ ಪರಿಚಯ ಇದ್ದಿದ್ದಕ್ಕೆ. ಅಪರಿಚಿತರು ಒಬ್ಬರಿಗೊಬ್ಬರು ಎದುರು ಕೂತಾಗ ಅಂಕಿ ಬೇಕಾಗುತ್ತೆ. ಅಂಥ ಆಟಗಳಲ್ಲಿ ಬಹಳ ಹಿಂದೆಯೇ ಅದರ ಅಗತ್ಯ ಕಂಡಿದ್ದು ಚೆಸ್ಸಿಗೆ.

ಮೇಷ್ಟ್ರ ಲೆಕ್ಕ

ಎಲೋ ರೇಟಿಂಗ್ ಅಂತ ಕೇಳಿರ್ತೀರಿ. ಎಲೋ ಅನ್ನೋದು ಯಾವುದರ ಶಾರ್ಟ್ ಫಾರ್ಮೂ ಅಲ್ಲ, ಒಬ್ಬರ ಹೆಸರು. ಅರ್ಪಾದ್ ಎಲೋ, 1903ರಲ್ಲಿ ಹಂಗೆರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಮಿಲ್ವಾಕಿಯ ಮಾರ್ಕ್ವೆಟ್ ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಜೊತೆಗೆ ಒಳ್ಳೆ ಚೆಸ್ ಆಟಗಾರ. ಅವರ ಪದ್ಧತಿಯನ್ನ 1960ರಲ್ಲಿ ಅಮೆರಿಕದ ಚೆಸ್ ಫೆಡರೇಶನ್ ಒಪ್ಪಿಕೊಳ್ತು, 1970ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಫಿಡೆ ಒಪ್ಪಿಕೊಳ್ತು.

ಲೆಕ್ಕ ಸರಳ. ಇಬ್ಬರ ರೇಟಿಂಗ್ ಮಧ್ಯೆ 200 ಅಂಕದ ಅಂತರ ಇದ್ರೆ, 100 ಆಟದಲ್ಲಿ ಹೆಚ್ಚಿನವನಿಗೆ ಸುಮಾರು 76 ಪಾಯಿಂಟ್ ಬರಬೇಕು ಅಂತ ಅಂದಾಜು. 400 ಅಂತರ ಇದ್ರೆ ಸುಮಾರು 91. ಅಂದಾಜಿನ ಪ್ರಕಾರ ಗೆದ್ರೆ ಸ್ವಲ್ಪವೇ ಜಮಾ. ಅಂದಾಜು ಮೀರಿ ಗೆದ್ರೆ ಜಾಸ್ತಿ ಜಮಾ. ನಿಮ್ಮ ಖಾತೆಗೆ ಬಂದಿದ್ದು ಹೆಚ್ಚುಕಡಿಮೆ ಎದುರಾಳಿಯ ಖಾತೆಯಿಂದ ಹೋಗುತ್ತೆ. ಡೆಬಿಟ್-ಕ್ರೆಡಿಟ್ ಕಲಿತವರಿಗೆ ಇದು ತುಂಬಾ ಹತ್ತಿರದ ವಿಷಯ.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಎಲೋ ಲೆಕ್ಕಕ್ಕೆ ಬೇಕಾಗಿದ್ದು ಫಲಿತಾಂಶ ಮಾತ್ರ: ಗೆಲುವು, ಸೋಲು, ಡ್ರಾ. ನೀವು ಎಷ್ಟು ಕಾಯಿ ಹೊಡೆದ್ರಿ ಅಂತ ಅದು ಕೇಳೋದೇ ಇಲ್ಲ. ಇನ್ನೊಂದು, ಎಲೋ ಅವರಿಗೇ ತಮ್ಮ ಲೆಕ್ಕದ ಮೇಲೆ ಅಂಥ ಭ್ರಮೆ ಇರಲಿಲ್ಲ. ನೀರಿನ ಮೇಲೆ ಮೇಲೆ-ಕೆಳಗೆ ಆಗ್ತಿರೋ ಬೆಂಡನ್ನ, ಗಾಳಿಗೆ ತೂಗಾಡೋ ಹಗ್ಗಕ್ಕೆ ಕಟ್ಟಿದ ಅಳತೆಕೋಲಿನಿಂದ ಅಳೆದ ಹಾಗೆ ಇದು ಅಂತ ಅವರೇ ಹೋಲಿಸಿದ್ರು. ಈ ಬೆಂಡಿನ ಮಾತು ನೆನಪಿಟ್ಕೊಳ್ಳಿ, ಮುಂದೆ ನಮ್ಮೂರಿನ ಮಳೆಗಾಲದಲ್ಲಿ ಬೇಕಾಗುತ್ತೆ.

ಈ ಅಂಕಿಯಿಂದ ಒಳ್ಳೇದೂ ಆಗಿದೆ. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ನಾರ್ಮ್‌ಗಳ ಜೊತೆ 2500 ರೇಟಿಂಗ್ ಮುಟ್ಟಬೇಕು. 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ್ರು. ಯಾವ ಊರಿನವನು, ಯಾರ ಮಗ, ಯಾವ ಕ್ಲಬ್ಬಿನವನು ಅಂತ ರೇಟಿಂಗ್ ಕೇಳಲ್ಲ. ಆ ಮಟ್ಟಿಗೆ ಅದು ನ್ಯಾಯದ ತಕ್ಕಡಿ.

ಇಸ್ಪೀಟಿನ ನಾಲ್ಕು ಜಾತಿ

ಈಗ ಕಂಪ್ಯೂಟರಿಗೆ ಬರೋಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಯೂನಿವರ್ಸಿಟಿಯಲ್ಲಿ ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿ ‘ಮಡ್’ ಅನ್ನೋ ಆಟ ಶುರು ಮಾಡಿದ, ರಿಚರ್ಡ್ ಬಾರ್ಟಲ್ ಅದನ್ನ ಮುಂದುವರಿಸಿದ. ಚಿತ್ರ ಇಲ್ಲ, ಬರೀ ಅಕ್ಷರ. ಆದ್ರೆ ಹಲವರು ಒಂದೇ ಲೋಕದಲ್ಲಿ ಒಟ್ಟಿಗೆ ಆಡಬಹುದಿತ್ತು. ಇವತ್ತಿನ ಆನ್‌ಲೈನ್ ಆಟಗಳಿಗೆ ಅದು ಅಜ್ಜನ ಸ್ಥಾನದಲ್ಲಿದೆ.

ಇದೇ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದ್ರು. ಜನ ಆಡೋದು ಯಾಕೆ ಅಂತ. ಅವರು ಆಟಗಾರರನ್ನ ಇಸ್ಪೀಟಿನ ನಾಲ್ಕು ಜಾತಿಗೆ ಹೋಲಿಸಿದ್ರು. ಡೈಮಂಡ್‌ನವರು ಸಾಧಕರು, ಅಂಕ ಮತ್ತು ಮೆಟ್ಟಿಲು ಬೇಕು. ಇಸ್ಪೀಟ್‌ನವರು ಅಗೆಯೋರು, ಆಟದ ಮೂಲೆಮೂಲೆ ಹುಡುಕ್ತಾರೆ. ಕಳಾವರ್‌ನವರು ಹೊಡೆಯೋರು, ಎದುರಿನವರನ್ನ ಸೋಲಿಸೋದೇ ಖುಷಿ. ಆಟೀನ್‌ನವರು ಜನರಿಗೋಸ್ಕರ ಬರೋರು, ಮಾತು-ಕತೆ-ಸ್ನೇಹವೇ ಅವರ ಆಟ.

ನಮ್ಮ ಕಡೆ ಮದುವೆಮನೆಯಲ್ಲಿ ಊಟ ಆದ್ಮೇಲೆ ಇಸ್ಪೀಟಿಗೆ ಕೂತವರನ್ನ ನೆನಪಿಸ್ಕೊಳ್ಳಿ. ಒಬ್ಬ ಬಿದ್ದ ಎಲೆ ಎಲ್ಲ ಲೆಕ್ಕ ಇಟ್ಟು ಆಡ್ತಾನೆ. ಇನ್ನೊಬ್ಬ ಯಾವ ಎಲೆ ಹಾಕಿದೆ ಅಂತ ನೋಡೋದೇ ಇಲ್ಲ, ಅವನು ಬಂದಿದ್ದು ಭಾವನ ಹತ್ರ ಮಾತಾಡಕ್ಕೆ. ಇಬ್ಬರೂ ಒಂದೇ ಚಾಪೆ ಮೇಲೆ ಕೂತಿದ್ದಾರೆ. ಕ್ಯಾಶುವಲ್ ಮತ್ತು ಕಾಂಪಿಟಿಟಿವ್ ಅಂತ ಈಗ ಹೇಳ್ತೀವಲ್ಲ, ಅದು ಹೊಸದೇನಲ್ಲ. ಹೊಸದಾಗಿರೋದು ಅವರನ್ನ ಬೇರೆ ಬೇರೆ ಚಾಪೆ ಮೇಲೆ ಕೂರಿಸೋ ಯಂತ್ರ.

ಮೀಟರ್ ಬಂತು

ಆ ಯಂತ್ರ ದೊಡ್ಡದಾಗಿ ಕಂಡಿದ್ದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆಟದಲ್ಲಿ. 2004ರಲ್ಲಿ ಬಂದ ಆಟ. ದೊಡ್ಡ ರಾಕ್ಷಸನನ್ನ ಹೊಡೆಯಕ್ಕೆ ಮೊದಲು 40 ಜನ, ಆಮೇಲೆ 25 ಅಥವಾ 10 ಜನ ಸೇರಬೇಕು. ಪ್ರತಿ ಏಟನ್ನೂ ಆಟ ಒಂದು ಲಾಗ್‌ನಲ್ಲಿ ಬರೀತಾ ಹೋಗುತ್ತೆ. ಹೊರಗಿನ ಪ್ರೋಗ್ರಾಮರ್‌ಗಳು ಆ ಲಾಗ್ ಓದಿ, ಯಾರು ಎಷ್ಟು ಹೊಡೆದ್ರು ಅಂತ ಪಟ್ಟಿ ತೋರಿಸೋ ಚಿಕ್ಕ ಚಿಕ್ಕ ಟೂಲ್ ಮಾಡಿದ್ರು. ಅದಕ್ಕೆ ಡ್ಯಾಮೇಜ್ ಮೀಟರ್ ಅಂತ ಹೆಸರು.

ಶುರುವಿನಲ್ಲಿ ಇದು ನಿಜವಾಗ್ಲೂ ಉಪಯೋಗದ್ದು. ಇಷ್ಟು ನಿಮಿಷದೊಳಗೆ ರಾಕ್ಷಸ ಸಾಯಲಿಲ್ಲ ಅಂದ್ರೆ ಎಲ್ಲರೂ ಸಾಯ್ತಾರೆ. ಎಲ್ಲಿ ಕಡಿಮೆ ಬಿತ್ತು ಅಂತ ಗೊತ್ತಾಗಬೇಕಲ್ಲ? ತಂಡದವರು ಕೂತು ನೋಡಿ, ನೀನು ಇಲ್ಲಿ ತಡ ಮಾಡ್ದೆ, ನೀನು ಅಲ್ಲಿ ನಿಂತಿದ್ದು ತಪ್ಪು ಅಂತ ಮಾತಾಡ್ಕೊಳ್ತಿದ್ರು. ಲೆಕ್ಕ ತಂಡದೊಳಗೇ ಇತ್ತು.

2009ರಲ್ಲಿ ಗೇರ್‌ಸ್ಕೋರ್ ಅನ್ನೋ ಇನ್ನೊಂದು ಟೂಲ್ ಬಂತು. ನೀವು ತೊಟ್ಟಿರೋ ಕವಚ, ಹಿಡಿದ ಕತ್ತಿ ಎಲ್ಲದಕ್ಕೂ ಅಂಕ ಕೂಡಿಸಿ ಒಂದೇ ನಂಬರ್ ಕೊಡುತ್ತೆ. ಪರಿಚಯವೇ ಇಲ್ಲದ ಆಟಗಾರನ ಮೇಲೆ ಮೌಸ್ ಇಟ್ರೆ ಸಾಕು, ಅವನ ನಂಬರ್ ಕಾಣುತ್ತೆ. ಅಲ್ಲಿಂದ ಚಾಟ್‌ನಲ್ಲಿ ಒಂದೇ ಮಾತು: ಇಷ್ಟು ಸ್ಕೋರ್ ಇದ್ರೆ ಬಾ, ಇಲ್ಲಾಂದ್ರೆ ಬೇಡ. ತಮಾಷೆ ಏನಂದ್ರೆ ಆ ನಂಬರ್ ಅಳೀತಿದ್ದಿದ್ದು ಬಟ್ಟೆಯನ್ನ, ಆಟವನ್ನಲ್ಲ. ಒಳ್ಳೆ ಕವಚ ಸಿಗೋದು ದೊಡ್ಡ ಗುಂಪಿನ ಜೊತೆ ಹೋದ್ರೆ, ಗುಂಪಿಗೆ ಸೇರಿಸ್ಕೊಳ್ಳೋದು ಒಳ್ಳೆ ಕವಚ ಇದ್ರೆ. ಡಿಗ್ರಿ ಮುಗಿಸಿ ಕೆಲಸ ಹುಡುಕಿದವರಿಗೆ ಇದು ಕೂಡ್ಲೇ ಅರ್ಥ ಆಗುತ್ತೆ. ಫ್ರೆಶರ್ ಬೇಕು ಅಂತಾರೆ, ಎರಡು ವರ್ಷದ ಅನುಭವ ಕೇಳ್ತಾರೆ!

ಈ ಇತಿಹಾಸದಲ್ಲಿ ತಿರುವು ಇದೇ ಅಂತ ನನಗನ್ಸುತ್ತೆ. ಎಲೋ ಮೇಷ್ಟ್ರ ಅಂಕಿ ಕೇಳಿದ ಪ್ರಶ್ನೆ: ಇವನಿಗೆ ಸಮನಾದ ಜೊತೆ ಯಾರು? ಗೇರ್‌ಸ್ಕೋರ್ ಕೇಳಿದ ಪ್ರಶ್ನೆ: ಇವನನ್ನ ಒಳಗೆ ಬಿಡಬೇಕಾ, ಬೇಡವಾ? ಎರಡೂ ಅಂಕಿಯೇ. ಆದ್ರೆ ಒಂದು ಆಟಕ್ಕೆ ಕರೆಯುತ್ತೆ, ಇನ್ನೊಂದು ಬಾಗಿಲಲ್ಲಿ ನಿಲ್ಲಿಸುತ್ತೆ.

ಡೋಟಾ 2 ಇನ್ನೊಂದು ಉದಾಹರಣೆ. ಅದರಲ್ಲಿ ಆಟಗಾರರನ್ನ ಜೋಡಿಸಕ್ಕೆ ಮೊದಲಿಂದ್ಲೂ ಒಂದು ರೇಟಿಂಗ್ ಇತ್ತು, ಆದ್ರೆ ಯಾರಿಗೂ ಕಾಣ್ತಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ರ‍್ಯಾಂಕ್ ಆಟ ಬಂತು, ನಂಬರ್ ಕಣ್ಣಿಗೆ ಬಿತ್ತು. ಲೆಕ್ಕ ಮೊದಲೂ ಇತ್ತು, ಆಮೇಲೂ ಇತ್ತು. ಬದಲಾಗಿದ್ದು ಅದು ಯಾರಿಗೆ ಕಾಣುತ್ತೆ ಅನ್ನೋದು.

ನಮ್ಮೂರಿಗೆ ಬಂದಿದ್ದು

ಈ ಕಂಪ್ಯೂಟರ್ ಆಟಗಳನ್ನೆಲ್ಲ ನಮ್ಮ ಕಡೆ ಬಹಳ ಜನ ಆಡಲೇ ಇಲ್ಲ. ನಮಗೆ ಆಟ ಬಂದಿದ್ದು ಫೋನಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯ್ತು. 2018ರ ಮಾರ್ಚ್‌ನಲ್ಲಿ ಪಬ್ಜಿ ಮೊಬೈಲ್ ಬಂತು. ನಾಲ್ಕು ಜನರ ಸ್ಕ್ವಾಡ್, ಕಿವಿಗೆ ಇಯರ್‌ಫೋನ್, ಆಡ್ತಾ ಆಡ್ತಾ ಮಾತು.

ಈ ‘ಮಾತು’ ಅನ್ನೋದು ನಮ್ಮಲ್ಲಿ ಯಾಕೆ ಮುಖ್ಯ ಆಯ್ತು ಅಂತ ಹೇಳ್ತೀನಿ. ಈ ಮೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಈಗ ಅಪ್ಪ-ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಲ್ಲಿ. ಒಟ್ಟಿಗೆ ಗದ್ದೆಯಲ್ಲಿ ಆಡಿದವರು ಈಗ ಸಿಗೋದು ಮದುವೆಗೋ ಹಬ್ಬಕ್ಕೋ. ನನ್ನ ಸ್ಕ್ವಾಡ್‌ನಲ್ಲಿ ನಾನು ದೊಡ್ಮನೆ, ಒಬ್ಬ ಶಿರಸಿ ಪೇಟೆ, ಒಬ್ಬ ಬೆಂಗಳೂರು, ಇನ್ನೊಬ್ಬ ನನ್ನ ಚಿಕ್ಕಮ್ಮನ ಮಗ, ಯಲ್ಲಾಪುರದ ಕಡೆಯವನು. ರಾತ್ರಿ ಒಂಬತ್ತೂವರೆಗೆ ಸೇರೋದು. ಆಡೋದು ಅರ್ಧ, ತೋಟಕ್ಕೆ ಔಷಧಿ ಹೊಡೆದ್ರಾ, ಅಜ್ಜಿಗೆ ಹೇಗಿದೆ, ಯಾರ ಮದುವೆ ಗಟ್ಟಿ ಆಯ್ತು ಅನ್ನೋದು ಇನ್ನರ್ಧ. ಬಾರ್ಟಲ್ ಲೆಕ್ಕದಲ್ಲಿ ನಾವು ಪಕ್ಕಾ ಆಟೀನ್ ಎಲೆಗಳು.

ಆದ್ರೆ ಆಟ ನಮ್ಮನ್ನ ಹಾಗೆ ಬಿಡಲ್ಲ. ಬ್ರಾಂಝ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಕ್ರೌನ್, ಏಸ್, ಕಾಂಕರರ್ ಅಂತ ಮೆಟ್ಟಿಲು. ಸೀಸನ್ ಮುಗಿದ್ರೆ ಕೆಳಗಿಳಿಸಿ ಮತ್ತೆ ಹತ್ತು ಅನ್ನುತ್ತೆ. ಕೆಳಗಿನ ಮೆಟ್ಟಿಲಲ್ಲಿ ಎದುರಾಳಿಗಳಲ್ಲಿ ಬಹಳಷ್ಟು ಕಂಪ್ಯೂಟರ್ ನಡೆಸೋ ಬಾಟ್‌ಗಳು. ಅದರಿಂದ್ಲೇ ಒಂದು ಬೈಗುಳ ಹುಟ್ಟಿತು: ‘ನೀನು ಬಾಟ್.’ ಅಂದ್ರೆ ನೀನು ಮನುಷ್ಯನೇ ಅಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೋದಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಅಲ್ಲಿ ಲೆಕ್ಕಕ್ಕೆ ಇಲ್ಲದವನೂ ಆಟದಲ್ಲಿದ್ದ. ಇಲ್ಲಿ ಲೆಕ್ಕ ಕಡಿಮೆ ಇದ್ದವನು ಆಟಕ್ಕೇ ಇಲ್ಲ.

ನಮ್ಮ ಯಲ್ಲಾಪುರದ ಹುಡುಗ ಚೆನ್ನಾಗಿ ಆಡ್ತಾನೆ. ಒಂದು ದಿನ ಅವನು ಹೇಳಿದ, ‘ಅಣ್ಣ, ನಿಮ್ಮ ಜೊತೆ ಆಡಿದ್ರೆ ನನ್ನ ಟಿಯರ್ ಇಳೀತು.’ ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಲೆಕ್ಕ ಹೇಳಿದ್ದು ಅಷ್ಟೇ. ನಾವು ಸೋತ್ರೆ ಅವನ ಅಂಕಿಗೂ ಪೆಟ್ಟು. ಆದ್ರೆ ನೀವೇ ಯೋಚನೆ ಮಾಡಿ, ಒಬ್ಬರ ಜೊತೆ ಕೂತು ಮಾತಾಡಿದ್ದಕ್ಕೆ ನಷ್ಟ ಅಂತ ಪುಸ್ತಕದಲ್ಲಿ ಬರೆಯೋ ಲೆಕ್ಕ ಎಂಥಾ ಲೆಕ್ಕ ಮಾರಾಯ್ರೆ?

ಅಂಕಿಗೆ ಮಳೆ ಕಾಣಲ್ಲ

ಈಗ ಎಲೋ ಮೇಷ್ಟ್ರ ಬೆಂಡಿಗೆ ಬರೋಣ. ಮಳೆಗಾಲದಲ್ಲಿ ಘಟ್ಟದ ಮೇಲೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಲೈನ್ ಮೇಲೆ ಮರ ಬೀಳುತ್ತೆ, ಕರೆಂಟ್ ಹೋಗುತ್ತೆ, ಟವರಿನ ಬ್ಯಾಟರಿ ಇರೋವರೆಗೆ ನೆಟ್‌ವರ್ಕ್, ಆಮೇಲೆ ಇಲ್ಲ. ಲಾಕ್‌ಡೌನ್ ಟೈಮಲ್ಲಿ ಆನ್‌ಲೈನ್ ಕ್ಲಾಸಿಗೆ ಹುಡುಗರು ಗುಡ್ಡ ಹತ್ತಿ ಕೂತಿದ್ದು ಈ ಜಿಲ್ಲೆಯಲ್ಲೇ.

ಆಟದ ಮಧ್ಯೆ ನೆಟ್‌ವರ್ಕ್ ಹೋದ್ರೆ ನಿಮ್ಮ ಪಾತ್ರ ಅಲ್ಲೇ ಕಂಬದ ಹಾಗೆ ನಿಲ್ಲುತ್ತೆ. ಯಾರೋ ಬಂದು ಹೊಡೀತಾರೆ. ಲೆಕ್ಕದಲ್ಲಿ ಒಂದು ಡೆತ್. ಬೆಂಗಳೂರಲ್ಲಿ ಫೈಬರ್ ಇರೋ ಹುಡುಗ ಟ್ರಿಗರ್ ಒತ್ತಿದ ಕೂಡ್ಲೇ ಗುಂಡು ಹೋಗುತ್ತೆ, ಇಲ್ಲಿ ಒತ್ತಿದ್ರೆ ಅದು ಸರ್ವರ್ ಮುಟ್ಟೋ ಹೊತ್ತಿಗೆ ಎದುರಿನವನು ಗೋಡೆ ಹಿಂದೆ. ನನ್ನ ಕೆಡಿ ಒಂದರ ಆಸುಪಾಸು. ಅದರಲ್ಲಿ ನನ್ನ ಕೈಚಳಕ ಎಷ್ಟು, ಟವರಿನ ಬ್ಯಾಟರಿ ಎಷ್ಟು, ಹಳೇ ಫೋನಿನ ಬಿಸಿ ಎಷ್ಟು ಅಂತ ಆ ಒಂದು ನಂಬರ್ ಬಿಡಿಸಿ ಹೇಳಲ್ಲ.

ಕೆಡಿ ಇನ್ನೂ ಎಷ್ಟೋ ಬಿಟ್ಟುಬಿಡುತ್ತೆ. ಬಿದ್ದ ಗೆಳೆಯನನ್ನ ಎತ್ತಿದ್ದು, ಗಾಡಿ ಓಡಿಸಿ ಎಲ್ಲರನ್ನ ಪಾರು ಮಾಡಿದ್ದು, ತನ್ನ ಹತ್ರ ಇದ್ದ ಗುಂಡು ಕೊಟ್ಟಿದ್ದು, ಯಾವುದೂ ಅದರಲ್ಲಿ ಬರಲ್ಲ. 2005ರ ಹೊತ್ತಿಗೆ ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸ್‌ಗೆ ಟ್ರೂಸ್ಕಿಲ್ ಅನ್ನೋ ಪದ್ಧತಿ ತಂದಾಗ, ಅದು ಒಬ್ಬೊಬ್ಬರ ಹೊಡೆತ ಎಣಿಸದೆ ತಂಡದ ಗೆಲುವು-ಸೋಲನ್ನ ಮಾತ್ರ ನೋಡ್ತಿತ್ತು. ಇದರಲ್ಲಿ ಒಂದು ಜಾಣತನ ಇದೆ. ಹೊಡೆತ ಎಣಿಸಿದ್ರೆ ಜನ ಗೆಲ್ಲೋದು ಬಿಟ್ಟು ಹೊಡೆತದ ಹಿಂದೆ ಓಡ್ತಾರೆ.

ಕಾಮರ್ಸ್‌ನವರು ಗುಡ್‌ಹಾರ್ಟ್ ಹೆಸರು ಕೇಳಿರಬಹುದು. ಚಾರ್ಲ್ಸ್ ಗುಡ್‌ಹಾರ್ಟ್, ಬ್ರಿಟನ್ನಿನ ಅರ್ಥಶಾಸ್ತ್ರಜ್ಞ. 1975ರಲ್ಲಿ ಹಣಕಾಸು ನೀತಿ ಬಗ್ಗೆ ಅವರು ಹೇಳಿದ ಮಾತಿನ ಸಾರ ಇಷ್ಟು: ಒಂದು ಅಳತೆಯನ್ನೇ ಗುರಿ ಮಾಡ್ಕೊಂಡ್ರೆ ಅದು ಒಳ್ಳೆ ಅಳತೆಯಾಗಿ ಉಳಿಯಲ್ಲ. ನಮ್ಮ ಆಟದಲ್ಲಿ ಇದು ದಿನಾ ಕಾಣುತ್ತೆ. ರ‍್ಯಾಂಕ್ ಪುಶ್ ಮಾಡೋನು ಅರ್ಧ ಗಂಟೆ ಒಂದು ಮನೆಯ ಬಚ್ಚಲಲ್ಲಿ ಅಡಗಿ ಕೂರ್ತಾನೆ. ಕೆಡಿ ಬೇಕಾದವನು ಗೆಳೆಯ ಬಿದ್ದಿದ್ರೂ ಎತ್ತಕ್ಕೆ ಹೋಗಲ್ಲ, ಹೋದ್ರೆ ಸಾಯಬಹುದಲ್ಲ. ಅಂಕಿ ಏರುತ್ತೆ, ಆಟ ಇಳಿಯುತ್ತೆ.

ಶಿರಸಿ ಪೇಟೆಯಲ್ಲಿ ಅಡಿಕೆ ವ್ಯಾಪಾರ ನೋಡಿದವರಿಗೆ ಗ್ರೇಡ್ ಅಂದ್ರೇನು ಅಂತ ಹೇಳಬೇಕಾಗಿಲ್ಲ. 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿ, ಅಂದ್ರೆ ನಮ್ಮ ಟಿಎಸ್‌ಎಸ್ ಅಂಗಳಕ್ಕೆ ಹೋದ್ರೆ ರಾಶಿ ಬೇರೆ, ಚಾಲಿ ಬೇರೆ, ಬೆಟ್ಟೆ ಬೇರೆ, ಕೆಂಪುಗೋಟು ಬೇರೆ. ಗ್ರೇಡ್ ಬೇಕು, ಇಲ್ಲಾಂದ್ರೆ ವ್ಯಾಪಾರ ನಡೆಯಲ್ಲ. ಆದ್ರೆ ಗ್ರೇಡ್ ಬೇಕಾಗಿರೋದು ಕೊಳ್ಳೋರಿಗೆ ಮತ್ತು ಮಾರೋರಿಗೆ. ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡುವಾಗ ಇದು ಯಾವ ಗ್ರೇಡ್ ಅಂತ ಯಾರೂ ಕೇಳಲ್ಲ. ಗೆಳೆಯರ ಸ್ಕ್ವಾಡ್ ಅಂಗಳವೋ, ಕವಳದ ತಟ್ಟೆಯೋ? ಪ್ರಶ್ನೆ ಅಷ್ಟೇ.

ಇನ್ನೊಂದು ಕಡೆಯ ಮಾತು

ಇಷ್ಟೆಲ್ಲ ಹೇಳಿ, ಅಂಕಿಯೇ ಬೇಡ ಅಂದ್ರೆ ನಾನು ಆ ಯಲ್ಲಾಪುರದ ಹುಡುಗನಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ. ಅವನ ವಾದ ಕೇಳಿ. ‘ಅಣ್ಣ, ಬೆಂಗಳೂರಿನ ಟೀಮಿನವರು ನನ್ನ ಮುಖ ನೋಡಿಲ್ಲ. ಕಾಡಿನ ಮಧ್ಯದ ಮನೆಯಿಂದ ಬಂದವನು ಅಂತ ಅವರಿಗೆ ಗೊತ್ತಿಲ್ಲ. ನಂಬರ್ ನೋಡಿ ಟ್ರಯಲ್ಸಿಗೆ ಕರೆದ್ರು.’ ಅವನಿಗೆ ಕೋಚ್ ಇಲ್ಲ, ಕ್ಲಬ್ ಇಲ್ಲ, ಶಿಫಾರಸು ಮಾಡೋರು ಯಾರೂ ಇಲ್ಲ. ಆ ನಂಬರ್ರೇ ಅವನ ಶಿಫಾರಸು ಪತ್ರ.

ಅದು ಖಾಲಿ ಕನಸೂ ಅಲ್ಲ. 2021ರ ಬಿಜಿಎಂಐ ಸೀರೀಸ್‌ಗೆ 1 ಕೋಟಿ ರೂಪಾಯಿ ಬಹುಮಾನ ಇತ್ತು, ಆಟದೊಳಗಿನ ಕ್ವಾಲಿಫೈಯರ್ ಮೂಲಕವೇ ಮೇಲೆ ಬರಬಹುದಿತ್ತು. 2022ರಲ್ಲಿ ಈ ಆಟದ ಟೂರ್ನಿ ಸ್ಟಾರ್ ಸ್ಪೋರ್ಟ್ಸ್ ಚಾನೆಲ್‌ನಲ್ಲಿ ಬಂತು. ನಮ್ಮೂರ ಹೊನಲು ಬೆಳಕಿನ ವಾಲಿಬಾಲ್‌ಗೆ ದೂರದ ಟೀಮಿನವರು ಒಳ್ಳೆ ಆಟಗಾರನನ್ನ ಕರೆಸ್ಕೊಳ್ತಾರಲ್ಲ, ಅವನ ಆಟ ಯಾರೋ ಕಣ್ಣಾರೆ ನೋಡಿರ್ತಾರೆ. ಆನ್‌ಲೈನ್‌ನಲ್ಲಿ ಕಣ್ಣಾರೆ ನೋಡೋರಿಲ್ಲ, ಅಂಕಿಯೇ ಕಣ್ಣು.

ಹಾಗಾಗಿ ತಪ್ಪು ಅವನದ್ದಲ್ಲ, ನಮ್ಮದೂ ಅಲ್ಲ. ಅವನು ಮೇಲೆ ಹೋಗಕ್ಕೆ ಬೇಕಾದ ಅಂಕಿ, ನಾವು ಜೊತೆಗೆ ಕೂರಕ್ಕೆ ಅಡ್ಡ ಬರೋ ಅಂಕಿ, ಎರಡೂ ಒಂದೇ ಆಗಿರೋದು ಸಮಸ್ಯೆ.

ಕಂಪನಿಗಳು, ಕಾನೂನು

ಕೆಲವು ಕಂಪನಿಗಳಿಗೆ ಇದು ಅರ್ಥ ಆಗಿದೆ. 2018ರ ಜೂನ್‌ನಲ್ಲಿ ಓವರ್‌ವಾಚ್ ಆಟದಲ್ಲಿ ಎಲ್ಲರ ಪ್ರೊಫೈಲನ್ನ ಮೊದಲಿಂದ್ಲೇ ಪ್ರೈವೇಟ್ ಮಾಡಿದ್ರು, ಬೇಕಾದವರು ತೆರೆದಿಡಬಹುದು. 2022ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ನ ರ‍್ಯಾಂಕ್ ಆಟದಲ್ಲಿ ಶುರುವಿಗೆ ಮುಂಚೆ ಜೊತೆಗಾರರ ಹೆಸರು ಕಾಣದ ಹಾಗೆ ಮಾಡಿದ್ರು, ಹೆಸರು ಹುಡುಕಿ, ಅಂಕಿ ನೋಡಿ ಓಡಿಹೋಗಬಾರದು ಅಂತ. ಫೈನಲ್ ಫ್ಯಾಂಟಸಿ 14ರಲ್ಲಿ ಹೊರಗಿನ ಮೀಟರ್ ಟೂಲ್‌ಗಳಿಗೆ ನಿಯಮದಲ್ಲೇ ಅವಕಾಶ ಇಲ್ಲ, ಅದರ ಅಂಕಿ ಹಿಡಿದು ಬೇರೆಯವರನ್ನ ಹೀಯಾಳಿಸಿದ್ರೆ ಕ್ರಮ ಇದೆ. ಚೆಸ್ ಆಡೋ ಲಿಚೆಸ್‌ನಲ್ಲಿ ರೇಟಿಂಗನ್ನೇ ಮರೆಮಾಡೋ ಸೆಟ್ಟಿಂಗ್ ಇದೆ. ಒಳಗೆ ಲೆಕ್ಕ ನಡೀತಾನೇ ಇರುತ್ತೆ, ನಿಮಗೆ ಸಮನಾದ ಎದುರಾಳಿಯೇ ಸಿಗ್ತಾನೆ, ನಂಬರ್ ಮಾತ್ರ ಕಣ್ಣೆದುರು ಇರಲ್ಲ. ಎಲೋ ಮೇಷ್ಟ್ರ ಮೂಲ ಉದ್ದೇಶಕ್ಕೆ ಇದು ಬಹಳ ಹತ್ತಿರ.

ನಮ್ಮ ಸರ್ಕಾರಗಳ ಕಣ್ಣಿಗೆ ಆಟ ಬಿದ್ದಿದ್ದು ಬೇರೆ ಕಾರಣಕ್ಕೆ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಸೇರಿ 118 ಆ್ಯಪ್‌ಗಳಿಗೆ ಕೇಂದ್ರದ ನಿಷೇಧ. 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಆಟ ಮತ್ತೆ ಬಂತು. ಅದೇ ವರ್ಷ ಅಕ್ಟೋಬರ್ 5ಕ್ಕೆ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ ಜಾರಿ ಆಯ್ತು. ಹಣ ಕಟ್ಟಿ ಆಡೋದನ್ನ ತಡೀಬೇಕು ಅನ್ನೋದು ಗುರಿ, ಆದ್ರೆ ಕೌಶಲ್ಯದ ಆಟ, ಅದೃಷ್ಟದ ಆಟ ಅನ್ನೋ ವ್ಯತ್ಯಾಸವನ್ನೇ ಅದು ಅಳಿಸಿಹಾಕಿತ್ತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ಕಾಯ್ದೆಯ ಮುಖ್ಯ ಅಂಶಗಳನ್ನ ರದ್ದು ಮಾಡಿತು. ಕಾಕತಾಳೀಯ ನೋಡಿ, ಅದೇ ದಿನ ಫ್ರೀ ಫೈರ್ ಆಟಕ್ಕೆ ಕೇಂದ್ರದ ನಿಷೇಧ ಬಿತ್ತು. ಜುಲೈ 28ಕ್ಕೆ ಬಿಜಿಎಂಐ ಕೂಡ ಸ್ಟೋರ್‌ನಿಂದ ಮಾಯ. 2023ರ ಮೇ ಕೊನೆಗೆ ಅದು ವಾಪಸ್ ಬಂದಾಗ ಸಣ್ಣವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಮಿತಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು. ಅದು ಆಟಗಳನ್ನ ಮೂರು ಪೆಟ್ಟಿಗೆಗೆ ಹಾಕುತ್ತೆ: ಹಣ ಕಟ್ಟಿ ಆಡೋ ಆಟ, ಅದಕ್ಕೆ ನಿಷೇಧ. ಇ-ಸ್ಪೋರ್ಟ್ಸ್, ಅದಕ್ಕೆ ಕ್ರೀಡೆಯ ಮಾನ್ಯತೆ. ಮನರಂಜನೆಯ ಸೋಶಿಯಲ್ ಗೇಮ್, ಅದಕ್ಕೆ ಪ್ರೋತ್ಸಾಹ. ಅಂದ್ರೆ ಕಾಂಪಿಟಿಟಿವ್ ಮತ್ತು ಕ್ಯಾಶುವಲ್ ಅನ್ನೋ ಗೆರೆ ಈಗ ದೇಶದ ಕಾನೂನಲ್ಲೂ ಇದೆ. ಆದ್ರೆ ಕಾನೂನು ಗೆರೆ ಎಳೆಯೋದು ಆಟಗಳ ಮಧ್ಯೆ. ನಮ್ಮ ಹುಡುಗ ಒಂಬತ್ತೂವರೆಗೆ ಸೋಶಿಯಲ್, ಹನ್ನೊಂದಕ್ಕೆ ಇ-ಸ್ಪೋರ್ಟ್ಸ್, ಅದೂ ಒಂದೇ ಆ್ಯಪ್‌ನಲ್ಲಿ. ಆ ಗೆರೆ ನಾವೇ ಎಳ್ಕೊಬೇಕು.

ನಾವು ಮಾಡಿದ್ದು

ನಮ್ಮ ಸ್ಕ್ವಾಡ್‌ನಲ್ಲಿ ಈಗ ಒಂದು ಒಪ್ಪಂದ ಇದೆ. ಒಂಬತ್ತೂವರೆಯ ಆಟ ಅನ್‌ರ‍್ಯಾಂಕ್ಡ್. ಅವನ ಟಿಯರಿಗೆ ಪೆಟ್ಟಿಲ್ಲ, ನಮಗೆ ಅವನ ಜೊತೆ ಹೋಗಲ್ಲ. ಹನ್ನೊಂದರ ನಂತರ ಅವನು ತನ್ನ ಟೀಮಿನ ಜೊತೆ ರ‍್ಯಾಂಕ್ ಆಡ್ತಾನೆ, ಆಗ ನಾವು ಕರೆಯಲ್ಲ. ಮ್ಯಾಚ್ ಮುಗಿದ ಮೇಲೆ ರಿಸಲ್ಟಿನ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕೋ ಹಾಗಿಲ್ಲ.

ನಿಮ್ಮ ಅಂಕಿ ನೀವು ನೋಡ್ಕೊಳ್ಳಿ, ಅದರಿಂದ ಕಲೀರಿ. ಆದ್ರೆ ಒಂದು ರಾತ್ರಿಯದ್ದಲ್ಲ, ಒಂದು ತಿಂಗಳದ್ದು ನೋಡಿ. ಮಳೆ ಬಂದ ದಿನಗಳನ್ನ ತೆಗೆದು ನೋಡಿ. ಬೇರೆಯವರ ಪ್ರೊಫೈಲ್ ತೆರೆಯೋ ಮುಂಚೆ ಇವನ ಜೊತೆ ನನಗೆ ಟೂರ್ನಿ ಆಡೋದಿದೆಯಾ ಅಂತ ಕೇಳ್ಕೊಳ್ಳಿ. ಇಲ್ಲ ಅಂದ್ರೆ ಅದು ನಿಮಗೆ ಬೇಕಾದ ಲೆಕ್ಕ ಅಲ್ಲ.

ಮುಗಿಸೋ ಮುಂಚೆ ಒಂದು ಕೋರಿಕೆ. ನಿಮ್ಮ ಊರಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ದ ಹುಡುಗನಿಗೆ ಬೇರೆ ಏನಾದ್ರೂ ಹೆಸರಿದೆಯಾ? ಅವನಿಗೆ ಯಾವ ನಿಯಮ ಇತ್ತು, ಎಷ್ಟು ವಯಸ್ಸಿನವರೆಗೆ ಇತ್ತು? ಒಂದು ವಾಯ್ಸ್ ನೋಟ್ ಕಳಿಸಿ, ಊರಿನ ಹೆಸರು ಹೇಳಿ. ಬಂದಿದ್ದನ್ನೆಲ್ಲ ಸೇರಿಸಿ ಮುಂದೆ ಒಂದು ಎಪಿಸೋಡ್ ಮಾಡೋಣ. ಇಲ್ಲಿ ಮಳೆ ಶುರುವಾಗಿದೆ, ಕರೆಂಟ್ ಹೋಗೋ ಮುಂಚೆ ಇದನ್ನ ಅಪ್‌ಲೋಡ್ ಮಾಡಬೇಕು. ಬರ್ತೀನಿ, ನಮಸ್ಕಾರ.